ಇಲಿಮರಿಯ ಇಪ್ಪತ್ತನೇ ದಿನ

ಇಲಿ ಕಚ್ಚಿದರೆ ಕೈ ಹಿಂದಕ್ಕೆ ಜಗ್ಗಬಾರದು. ಜಗ್ಗಿದರೆ ಚರ್ಮ ಹರಿಯುತ್ತದೆ, ಸುಮ್ಮನಿದ್ದರೆ ಅದೇ ಬಿಡುತ್ತದೆ. ಪ್ರಾಣಿಮನೆಯ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳಿಕೊಡುತ್ತಿದ್ದುದು ಇಷ್ಟೇ. ಇನ್ನೊಂದು ಪಾಠ ಇದೆ. ಅದನ್ನು ನಾನೇ ಕಲಿತದ್ದು ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದಾಗ. ಅದನ್ನು ಬರೆದಿಡಬೇಕೆಂದೇ ಈ ಪೆನ್ನು ಹಿಡಿದಿದ್ದೇನೆ.

ನನ್ನ ಹೆಸರು ಶರಣಪ್ಪ, ಊರು ಕಮಲಾಪುರ. ಕಲಿತದ್ದು ಏಳನೇ ಇಯತ್ತೆ, ಅದೂ ಪೂರ್ತಿಯಲ್ಲ. ಅಪ್ಪ ತೀರಿಕೊಂಡ ವರ್ಷ ಪಾಟಿಚೀಲ ಗೂಟಕ್ಕೆ ಹಾಕಿ ಕೆಂಪು ಬಾಳೆಯ ತೋಟಗಳಲ್ಲಿ ದುಡಿಯಲು ಹೋದೆ. ಮುಂದೆ ಕಲಬುರಗಿಯ ಒಂದು ಸಂಶೋಧನಾ ವಿಭಾಗದಲ್ಲಿ ಇಲಿಗಳನ್ನು ನೋಡಿಕೊಳ್ಳುವ ಆಳು ಬೇಕೆಂದರು, ಹೋದೆ. ಮೂವತ್ತೊಂದು ವರ್ಷ ಅಲ್ಲೇ ಇದ್ದೆ. ಕಮಲಾಪುರದಿಂದ ಬೆಳಗಿನ ಬಸ್ಸು, ಸಂಜೆ ತಿರುಗಿ ಅದೇ ದಾರಿ. ಇಷ್ಟು ವರ್ಷದಲ್ಲಿ ಬಸ್ಸಿನಲ್ಲಿ ಒಂದು ದಿನವೂ ನಿದ್ದೆ ಮಾಡಿದವನಲ್ಲ. ಪಂಜರ ತೊಳೆದದ್ದು ಆಯಿತೇ, ನೀರಿನ ಬಾಟಲಿ ಸೋರುತ್ತಿಲ್ಲವೇ ಎಂದು ತಲೆಯೊಳಗೆ ಓಡುತ್ತಲೇ ಇರುತ್ತಿತ್ತು. "ಶರಣಪ್ಪನ ಪಂಜರ" ಎಂದರೆ ವಿಭಾಗದಲ್ಲಿ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಅದು ನನ್ನ ಆಸ್ತಿ.

ಆದರೆ ಶುರುವಿನಲ್ಲೇ ಒಂದು ದೊಡ್ಡ ತಪ್ಪು ಮಾಡಿದ್ದೆ. ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತು. ಒಂದು ಇಲಿ ಮರಿ ಹಾಕಿತ್ತು. ಬಾಣಂತಿ ಇರುವ ಜಾಗ ಸ್ವಚ್ಛ ಇರಬೇಕಲ್ಲ ಎಂದುಕೊಂಡು ಹಾಸಿದ್ದ ಭತ್ತದ ಹೊಟ್ಟನ್ನೆಲ್ಲ ತೆಗೆದು, ಪಂಜರಕ್ಕೆ ಫಿನಾಯಿಲ್ ಹಾಕಿ ತಿಕ್ಕಿ ತೊಳೆದೆ. ಮರಿಗಳನ್ನು ಕೈಯಲ್ಲೇ ಎತ್ತಿ ಮತ್ತೆ ಇಟ್ಟೆ. ಮರುದಿನ ನೋಡಿದರೆ ಒಂದೂ ಇಲ್ಲ, ತಾಯಿಯೇ ತಿಂದುಬಿಟ್ಟಿತ್ತು. ಆಗ ಮುಖ್ಯಸ್ಥರಾಗಿದ್ದವರು ದೇಶಮುಖ ಸರ್. ಬಯ್ಯುತ್ತಾರೆಂದು ಬಾಗಿಲ ಬಳಿ ನಿಂತಿದ್ದೆ.

"ಯಾಕ ನಿಂತೀದಿ?"

"ಸರ್, ಸ್ವಚ್ಛ ಮಾಡಿದ್ನ್ರಿ."

"ಭಾಳ ಸ್ವಚ್ಛ ಮಾಡೀದಿ ಬಿಡು, ಮರಿ ಸುದ್ಧಾ ಉಳಿಸಿಲ್ಲ." ಆಮೇಲೆ ಅವರೇ ಎದ್ದು ಬಂದು ತೋರಿಸಿದರು. "ತಾಯಿಗಿ ಕಣ್ಣಕಿಂತ ಮೂಗು ಜಾಸ್ತಿ. ಮರಿ ಮೈಗಿ ಬ್ಯಾರೆ ವಾಸನಿ ಬಂತಂದ್ರ ಅದು ತನ್ನದಲ್ಲ ಅಂತದ. ಮೊದಲ ಮೂರ್ನಾಕು ದಿನ ಅದರ ತಂಟೆಕ ಹೋಗಬ್ಯಾಡ."

ಅಂದಿನಿಂದ ನಾನು ಸುವಾಸನೆಯ ಸಾಬೂನು, ತಲೆಗೆ ಎಣ್ಣೆ ಎಲ್ಲ ಬಿಟ್ಟೆ. ನನ್ನ ಹೆಂಡತಿ ನೀಲಮ್ಮ, "ಇಲಿ ಸಲುವಾಗಿ ಸನ್ಯಾಸಿ ಆದ ಮೊದಲ ಗಂಡಸು ನೀವೇ ಇರಬೇಕು" ಎಂದು ಇವತ್ತಿಗೂ ಆಡಿಕೊಳ್ಳುತ್ತಾಳೆ.

ದೇಶಮುಖ ಸರ್ ಕಾಲದ ಕೆಲಸ ನಿಧಾನದ್ದು. ದೊಡ್ಡ ಗಂಡಿಲಿಗಳ ವೃಷಣ ತೆಗೆದು ತೂಗುವುದು, ಮೇಣದಲ್ಲಿ ಕೂಡಿಸುವುದು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುವುದು, ಬಣ್ಣ ಹಾಕಿ ಗಾಜಿನ ಮೇಲೆ ನೋಡುವುದು. ಇಲಿ ಒಂದು ದಿನ ಹೆಚ್ಚಿನದಿರಲಿ ಕಡಿಮೆಯದಿರಲಿ, ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಇಷ್ಟೊಂದು ಜೀವ ತೆಗೆಯುವುದು ಪಾಪವಲ್ಲವೇ ಎಂದು ಊರಲ್ಲಿ ಕೇಳುತ್ತಿದ್ದರು. ಮಕ್ಕಳಿಲ್ಲದ ಎಷ್ಟೋ ಗಂಡಸರಿಗೆ ತಮ್ಮ ದೇಹದಲ್ಲಿ ಕೆಲಸ ಎಲ್ಲಿ ನಿಂತಿದೆ ಎಂಬುದೇ ಗೊತ್ತಿರುವುದಿಲ್ಲ, ಅದು ಗೊತ್ತಾಗಲಿ ಎಂದು ಮಾಡುತ್ತಾರೆ ಎನ್ನುತ್ತಿದ್ದೆ. ನನಗೇ ಹೇಳಿಕೊಂಡಂತೆಯೂ ಆಗುತ್ತಿತ್ತು.

ಸರ್ ನಿವೃತ್ತರಾದ ಮೇಲೆ ಪಾಟೀಲ್ ಮೇಡಂ ಬಂದರು. ಅವರೊಂದಿಗೆ ಮೇಣ ಹೋಗಿ ಮಂಜುಗಡ್ಡೆ ಬಂತು. ದೊಡ್ಡ ಇಲಿ ಹೋಗಿ ಚಿಕ್ಕ ಬಿಳಿ ಇಲಿ ಬಂತು. ಅವರಿಗೆ ಬೇಕಾಗಿದ್ದುದು ಆರ್‌ಎನ್‌ಎ. ಅದು ಎಂಥ ನಾಜೂಕಿನ ವಸ್ತುವೆಂದರೆ ನಮ್ಮ ಕೈಬೆವರು ತಾಗಿದರೆ ಸಾಕು, ಕರಗಿ ಚೂರಾಗುತ್ತದೆ. ಇದು ತಿಳಿಯದೆ ನಾನು ಒಂದು ಬೆಳಿಗ್ಗೆ ಅವರ ಮೇಜನ್ನು ನನ್ನ ಒದ್ದೆ ಅರಿವೆಯಿಂದ ಚೊಕ್ಕಟವಾಗಿ ಒರೆಸಿ, ಕೊಳವೆಗಳನ್ನು ಬರಿಗೈಯಲ್ಲಿ ಸಾಲಾಗಿ ಜೋಡಿಸಿದ್ದೆ. ಮೇಡಂ ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಅವತ್ತು ತಯಾರಿಸಿದ್ದೆಲ್ಲ ಚೆಲ್ಲಬೇಕಾಯಿತು. ನನ್ನ ಬಾಳಿನ ತಪ್ಪುಗಳೆಲ್ಲ ಹೆಚ್ಚು ಕೆಲಸ ಮಾಡಿದ್ದರಿಂದಲೇ ಆದವು. ಮುಂದೆ ಹೇಳುವುದೂ ಅದೇ ಜಾತಿಯದು.

ಮೇಡಂ ಕೈಕೆಳಗೆ ಸಂಶೋಧನೆಗೆ ಸೇರಿದವಳು ಶಾಹೀನ್. ಕೋಟೆಯ ಹತ್ತಿರದ ಮನೆ, ಅಪ್ಪ ಗೌಂಡಿ. ಮೊದಲ ದಿನವೇ ನನ್ನನ್ನು ಕಾಕಾ ಎಂದಳು. ನಾನು ಬೇಟಾ ಎಂದೆ. ಏಳನೇ ಇಯತ್ತೆಯವನಿಗೆ ಏನು ಹೇಳುವುದೆಂದು ಬೇರೆಯವರಂತೆ ಬಿಡದೆ, ಒಂದು ಮಧ್ಯಾಹ್ನ ರೊಟ್ಟಿ ತಿನ್ನುವಾಗ ತಾನು ಹುಡುಕುತ್ತಿರುವುದನ್ನು ನನಗೆ ತಿಳಿಸಿ ಹೇಳಿದಳು.

"ಕಾಕಾ, ನಮ್ಮ ಅಬ್ಬಾ ಕಟ್ಟೋ ಮನಿ ಇರ್ತದಲ್ಲ, ಅಲ್ಲಿ ಕಲ್ಲು ಹೊರವ್ರು ಇರ್ತಾರ, ಸಿಮಿಟ್ ಕಲಸವ್ರು ಇರ್ತಾರ. ಎಲ್ಲರಿಗೂ ಕೆಲಸ ಹಚ್ಚೋ ಮುಕಾದಮ ಏನ್ ಮಾಡ್ತಾನ?"

"ಏನೂ ಮಾಡಲ್ಲ. ಬೀಡಿ ಸೇದಕೋತ ನಿಂದರ್ತಾನ."

"ಒಂದಿನ ಅವ ಬರ್ಲಿಲ್ಲಂದ್ರ?"

"ಗದ್ದಲ ಆಗ್ತದ. ಗ್ವಾಡಿಗಿ ಸಿಮಿಟ್ ಗಿಲಾವ್ ಬಳಿಯವ ಮೊದಲ ಬರ್ತಾನ, ಗ್ವಾಡಿ ಕಟ್ಟವ ಹಿಂದಿಲಿಂದ ಬರ್ತಾನ."

"ಅಷ್ಟೇ ನೋಡ್ರಿ. ಜೀವಕೋಶದಾಗ ಕೆಲವು ಆರ್‌ಎನ್‌ಎ ಹಂಗೇ ಇರ್ತಾವ. ಅವು ತಾವು ಪ್ರೋಟೀನ್ ಮಾಡಂಗಿಲ್ಲ, ಕಲ್ಲು ಎತ್ತಂಗಿಲ್ಲ. ಆದ್ರ ಯಾವ ಜೀನ್ ಯಾವಾಗ ಕೆಲಸಕ್ಕ ಇಳೀಬೇಕು, ಯಾವುದು ಸುಮ್ನ ಕುಂದರಬೇಕು ಅಂತ ಹೇಳ್ತಾವ. ವೀರ್ಯಾಣು ತಯಾರಾಗೋ ಹಾದ್ಯಾಗ ಒಬ್ಬ ಮುಕಾದಮ ಯಾವತ್ತು ಬರ್ತಾನ ಅಂತ ನಾ ಹುಡುಕ್ಲಾಕತ್ತೀನಿ."

ಮರಿಗಳೇ ಯಾಕೆ ಬೇಕು ಎಂಬುದು ನನಗೆ ತಾನಾಗಿಯೇ ತಿಳಿಯಿತು. ಹಳೆಯ ಬಾಳೆತೋಟಕ್ಕೆ ಹೋದರೆ ಒಂದೇ ಬುಡದಲ್ಲಿ ಗೊನೆ ಬಿಟ್ಟದ್ದು, ಹೂ ಇಳಿದದ್ದು, ಆಗಷ್ಟೇ ಮೂತಿ ತೋರಿಸಿದ ಮರಿ, ಎಲ್ಲ ಒಟ್ಟಿಗೆ ಇರುತ್ತವೆ. ಬೆಳೆದ ಗಂಡಿಲಿಯೊಳಗೆ ಹಾಗೆ ಎಲ್ಲ ಹಂತವೂ ಕಲಸಿಹೋಗಿರುತ್ತದೆ. ಹೊಸದಾಗಿ ನಾಟಿದ ತೋಟದಲ್ಲಿ ಹಾಗಲ್ಲ, ಎಲ್ಲ ಗಿಡವೂ ಒಂದೇ ಎತ್ತರ. ಇಲಿಮರಿಯೊಳಗಿನ ಮೊದಲ ಬೆಳೆಯೂ ಹಾಗೆ, ದಿನ ನೋಡಿ ಹಂತ ಹೇಳಬಹುದು. ಶಾಹೀನಳ ಕಣ್ಣಿದ್ದುದು ಇಪ್ಪತ್ತನೇ ದಿನದ ಮೇಲೆ. ವೀರ್ಯಾಣುವಿಗೆ ಬಾಲ ಮೂಡುವ ಮೊದಲಿನ, ದುಂಡಗಿನ ಕಣಗಳು ಆ ಹೊತ್ತಿಗೆ ಮೊದಲ ಸಲ ಕಾಣಿಸಿಕೊಳ್ಳುತ್ತವಂತೆ.

ಇದನ್ನು ನಾನು ಬಾಳೆತೋಟದ ಲೆಕ್ಕದಲ್ಲಿ ಹೇಳಿದಾಗ ಅವಳು ಚಪ್ಪಾಳೆ ತಟ್ಟಿದಳು. ನನಗೂ ಎದೆ ಉಬ್ಬಿತು. ಅವಳಿಗೆ ತೊಂದರೆಯಾಗಬಾರದೆಂದು ಅಂದಿನಿಂದ ಒಂದು ಹೊಸ ಪದ್ಧತಿ ಮಾಡಿದೆ. ಬೆಳಿಗ್ಗೆ ಹೊಸ ಮರಿ ಕಂಡ ತಾರೀಖನ್ನು ನನ್ನ ವಹಿಯಲ್ಲಿ ಬರೆದುಕೊಳ್ಳುವುದು. ಪಂಜರದ ಚೀಟಿಯ ಮೇಲೆ ಮಾತ್ರ ಬೆರಳೆಣಿಸಿ, ಆ ಮರಿಗಳಿಗೆ ಇಪ್ಪತ್ತನೇ ದಿನ ಯಾವತ್ತು ಬರುತ್ತದೋ ಆ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯುವುದು. ಅವಳು ಲೆಕ್ಕ ಹಾಕಬೇಕಿರಲಿಲ್ಲ. ಕೆಂಪು ತಾರೀಖು ನೋಡಿ ಮರಿ ತೆಗೆದುಕೊಂಡರೆ ಆಯಿತು. ಯಾರೂ ಕೇಳಿರಲಿಲ್ಲ, ನಾನೇ ಮಾಡಿದ್ದು.

ಅವಳಿಗಾಗಿ ಮಾಡಿದ ಇನ್ನೊಂದು ಸಾಹಸವನ್ನು ನೀವು ಖಂಡಿತ ಮಾಡಬೇಡಿ. ತೆಗೆದ ಅಂಗವನ್ನು ಆ ಕ್ಷಣವೇ ನೈಟ್ರೋಜನ್ ದ್ರವದಲ್ಲಿ ಮುಳುಗಿಸಬೇಕು. ಒಂದು ಸಲ ಅದು ಖಾಲಿಯಾಗಿ, ತರಿಸುವುದು ತಡವಾಯಿತು. ನಮ್ಮೂರ ಕಡೆ ದನಗಳ ಡಾಕ್ಟರೊಬ್ಬರು ನನಗೆ ಪರಿಚಯ. ಹೋರಿಯ ವೀರ್ಯ ಕೆಡದಂತೆ ಇಡಲು ಅವರ ಬಳಿ ಅದೇ ದ್ರವ ಇರುತ್ತದೆ. ಹೇಳಿ ಕೇಳಿ ಒಂದು ಸಣ್ಣ ಡಬ್ಬಿ ತುಂಬಿಸಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಬರತೊಡಗಿತು. ಕಂಡಕ್ಟರ್ ಓಡಿ ಬಂದ.

"ಏ ಶರಣಪ್ಪಾ, ಹೊಗಿ ಬರ್ಲಾಕತ್ತದಲ್ಲೋ! ಏನದು?"

"ಏನಿಲ್ಲ ಮಾರಾಯ, ಎಮ್ಮಿ ಗಬ್ಬ ಮಾಡೋ ಸಾಮಾನು."

"ಗಬ್ಬ ಅಂದ್ರ ಹೊಗಿ ಯಾಕ ಬರ್ತದೋ? ಇಳಿ ಮೊದಲ!"

ಇಳಿಸಿಯೇಬಿಟ್ಟ. ಅವನು ಮಾಡಿದ್ದು ಸರಿ. ಮುಚ್ಚಿದ ಬಸ್ಸಿನಲ್ಲಿ ಅದು ಉಸಿರು ಕಟ್ಟಿಸುವ ವಸ್ತು ಎಂದು ಆಮೇಲೆ ಮೇಡಂ ಬೈದಾಗ ತಿಳಿಯಿತು. ಅವತ್ತು ತೊಗರಿ ಒಯ್ಯುವ ಟ್ರಾಕ್ಟರಿನ ಹಿಂದೆ ಕೂತು ಹೋದೆ. ಮುಂದೆ ಆ ಕಂಡಕ್ಟರ್ ನನ್ನನ್ನು ಕಂಡಾಗಲೆಲ್ಲ "ಹೊಗಿ ಡಬ್ಬಿ ಇಲ್ಲಲ್ಲ?" ಎಂದು ಕೇಳಿಯೇ ಟಿಕೆಟ್ ಹರಿಯುತ್ತಿದ್ದ.

ಮರುವರ್ಷ ನನ್ನ ಎಡಗಣ್ಣಿಗೆ ಪೊರೆ ಬಂತು. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಕಣ್ಣಿನ ಡಾಕ್ಟರ ಹತ್ತಿರ ಆಪರೇಶನ್ ಮಾಡಿಸಿಕೊಂಡು ಒಂದು ತಿಂಗಳು ರಜೆಯಲ್ಲಿದ್ದೆ. ಇಲಿಗಳನ್ನು ಶಾಹೀನ್ ತಾನೇ ನೋಡಿಕೊಂಡಳು. ನನ್ನಂತೆಯೇ ಚೀಟಿಗೆ ಕೆಂಪು ತಾರೀಖು ಬರೆದಳು. ನಾನು ತಿರುಗಿ ಬಂದ ಮೇಲೆ ಅವಳ ಚೀಟಿ ನನ್ನ ಹೊಸ ಚೀಟಿ ಎರಡೂ ಒಂದೇ ಸಾಲಿನಲ್ಲಿ ತೂಗುತ್ತಿದ್ದವು. ಒಂದು ಮರಿಯೂ ಸತ್ತಿರಲಿಲ್ಲ. ಶಹಬ್ಬಾಸ್ ಎಂದೆ.

ಅದಾದ ಮೇಲೆ ಶುರುವಾಯಿತು ಕಷ್ಟ. ಎಲ್ಲ ಮರಿಗಳ ಆರ್‌ಎನ್‌ಎ ತೆಗೆದು ಯಂತ್ರಕ್ಕೆ ಹಾಕಿದರೆ, ಇಪ್ಪತ್ತನೇ ದಿನದ ಕೆಲವು ಮರಿಗಳಲ್ಲಿ ಆ ಮುಕಾದಮ ಎದೆ ಸೆಟೆಸಿ ನಿಂತಿದ್ದಾನೆ, ಕೆಲವು ಮರಿಗಳಲ್ಲಿ ಇದ್ದಾನೋ ಇಲ್ಲವೋ ಎನ್ನುವಂತಿದ್ದಾನೆ. ಒಂದೇ ವಯಸ್ಸಿನ ಮರಿಗಳಲ್ಲಿ ಹೀಗಾಗಬಾರದು. ಶಾಹೀನ್ ಮತ್ತೆ ಮಾಡಿದಳು, ಮತ್ತೆ ಅದೇ ಬಂತು. ಪ್ರಬಂಧ ಒಪ್ಪಿಸಲು ಅವಳಿಗೆ ಉಳಿದಿದ್ದುದು ನಾಲ್ಕೇ ತಿಂಗಳು. ಆ ಅವಧಿ ಇನ್ನು ಮುಂದಕ್ಕೆ ಹೋಗುವಂತಿರಲಿಲ್ಲ. ಈ ಒಂದು ಫಲಿತಾಂಶ ಇಲ್ಲದಿದ್ದರೆ ನಾಲ್ಕು ವರ್ಷದ ದುಡಿಮೆ ನೀರಿಗೆ ಹೋದಂತೆ.

ಅದೇ ದಿನಗಳಲ್ಲಿ, ಒಂದು ಸೋಮವಾರ ಬೆಳಿಗ್ಗೆ, ನನಗೆ ಮೊಮ್ಮಗಳು ಹುಟ್ಟಿದಳು. ಪೇಡೆ ಹಂಚುತ್ತ ಶಾಹೀನಳಿಗೆ, "ಹನ್ನೆರಡನೇ ದಿನಕ್ಕ ತೊಟ್ಟಿಲು ಅದ, ಕಮಲಾಪುರಕ್ಕ ಬರಬೇಕು" ಎಂದೆ. ಅಷ್ಟು ಚಿಂತೆಯಲ್ಲೂ ನಕ್ಕು, "ಪಕ್ಕಾ ಬರ್ತೀನಿ ಕಾಕಾ" ಎಂದಳು.

ಮುಂದಿನ ವಾರ ಬುಧವಾರ ಮೇಡಂ ನನ್ನನ್ನು ಒಳಗೆ ಕರೆದರು. ಶಾಹೀನ್ ಗೋಡೆಯ ಬಳಿ ನಿಂತಿದ್ದಳು.

"ಶರಣಪ್ಪ, ಬೇಜಾರ ಮಾಡ್ಕೋಬ್ಯಾಡ್ರಿ. ಪಂಜರ ಏನಾರ ಅದಲಿ ಬದಲಿ ಆಗಿರಬಹುದೇನು? ನಿಮಗ ಕಣ್ಣಿನ ತ್ರಾಸೂ ಇತ್ತು…"

"ನನ್ನ ಕೈಯಾಗ ಒಂದು ಮರಿ ಅದಲಿ ಬದಲಿ ಆಗಿಲ್ರಿ ಮೇಡಂ. ಒಂದು ಕಣ್ಣು ಮಂಜಾಗಿತ್ತು, ಎರಡೂ ಅಲ್ಲ."

"ಹಂಗಲ್ರಿ…"

"ಹಂಗೇ ಅಂದ್ರಿ ನೀವು. ಮೂವತ್ತೊರ್ಷ ಮಾಡಿದ್ದಕ್ಕ ಇಷ್ಟಾತು."

ಶಾಹೀನ್ ಬಾಯಿ ತೆರೆಯುವುದರೊಳಗೆ ಹೊರಗೆ ಬಂದೆ. ಅವಳೂ ನನ್ನ ಪರವಾಗಿ ಒಂದು ಮಾತು ಆಡಲಿಲ್ಲವಲ್ಲ ಎಂಬುದು ಮುಳ್ಳಿನಂತೆ ಚುಚ್ಚಿತು. ಎರಡು ದಿನ ಪಂಜರದ ಕೆಲಸ ಮುಗಿಸಿ ನೇರವಾಗಿ ಬಸ್ಸು ಹತ್ತಿದೆ.

ಶುಕ್ರವಾರ ತೊಟ್ಟಿಲು ಆಯಿತು. ಊಟದ ಹೊತ್ತಿನವರೆಗೆ ನನ್ನ ಕಣ್ಣು ರಸ್ತೆಯ ಮೇಲೇ ಇತ್ತು. ಶಾಹೀನ್ ಬರಲಿಲ್ಲ. "ಆ ಹುಡುಗಿ ಬರ್ತೀನಂದಿದ್ಳಲ್ಲ?" ಎಂದು ನೀಲಮ್ಮ ಕೇಳಿದಳು. "ಕಳ್ಳನ ಮನಿಗಿ ಯಾರ ಬರ್ತಾರ?" ಎಂದುಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ.

ಶನಿವಾರ ಹೊತ್ತೇರಿತ್ತು. ತೊಟ್ಟಿಲಿಗೆ ಕಟ್ಟಿದ್ದ ಹೂ ಬಿಚ್ಚುತ್ತಿದ್ದೆ. ಬಾಗಿಲಲ್ಲಿ ಶಾಹೀನ್. ಒಂದು ಕೈಯಲ್ಲಿ ಮಿಠಾಯಿ ಡಬ್ಬಿ, ಇನ್ನೊಂದರಲ್ಲಿ ಜರಿ ಅಂಚಿನ ಪುಟ್ಟ ಫ್ರಾಕು. ಖಾಲಿ ಅಂಗಳ, ತೊಳೆದು ಬೋರಲು ಹಾಕಿದ ಪಾತ್ರೆಗಳನ್ನು ನೋಡಿ ನಿಂತುಬಿಟ್ಟಳು.

"ಮಂದಿ ಎಲ್ಲಿ ಕಾಕಾ? ನಾ ಜಲ್ದಿ ಬಂದ್ನೇನು?"

"ತಡಾ ಮಾಡಿ ಬಂದೀದಿ ಯವ್ವಾ," ಎಂದಳು ನೀಲಮ್ಮ, "ತೊಟ್ಟಿಲು ನಿನ್ನಿ ಆತಲ್ಲ."

"ಹನ್ನೆರಡನೇ ದಿನ ಅಂದಿದ್ರಿ? ಸೋಮವಾರ ಹುಟ್ಯಾಳ. ಇವತ್ತ ಹನ್ನೆರಡು."

ನೀಲಮ್ಮ ಬೆರಳು ಮಡಚುತ್ತ ಹೇಳಿದಳು. "ಸೋಮವಾರ ಒಂದು, ಮಂಗಳವಾರ ಎರಡು… ಶುಕ್ರವಾರ ಹನ್ನೆರಡು. ಸರಿ ಅದಲ್ಲ?"

"ಸೋಮವಾರ ಒಂದು ಹ್ಯಾಂಗ್ರಿ ಅಮ್ಮಾ? ಹುಟ್ಟಿದ ದಿನ ಸೊನ್ನಿ ಅಲ್ಲ?"

"ಅಯ್ಯ, ಸೊನ್ನಿ ಯಾಕ ಆಗ್ತದ? ಕೂಸು ಹುಟ್ಟೇದಲ್ಲ, ಕಣ್ಣಿಗಿ ಕಾಣ್ತದಲ್ಲ! ನಿಮ್ಮ ಮನ್ಯಾಗ ಹ್ಯಾಂಗ ಎಣಸ್ತೀರಿ?"

"ನಮ್ಮ ಮನ್ಯಾಗೂ ಆರನೇ ದಿನದ ಛಠೀ ಹಿಂಗೇ ಎಣಸ್ತಾರ. ನಾನೇ ಲ್ಯಾಬಿನ ಲೆಕ್ಕ…"

ಅಷ್ಟಕ್ಕೆ ಅವಳ ಮಾತು ನಿಂತಿತು. ನನ್ನ ಕೈಯಲ್ಲಿದ್ದ ಹೂಮಾಲೆಯೂ ಅಲ್ಲೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಕಾಕಾ, ಮರಿ ಕಂಡ ದಿನಕ್ಕ ನೀವು ಏನು ಹಿಡೀತೀರಿ?"

"ಒಂದು," ಎಂದೆ.

ಪಂಜರ ಅದಲು ಬದಲಾಗಿರಲಿಲ್ಲ. ನಾನು ಕೆಂಪು ಶಾಯಿಯಲ್ಲಿ ಬರೆದ ಇಪ್ಪತ್ತನೇ ದಿನ ಅವರ ಲೆಕ್ಕದಲ್ಲಿ ಹತ್ತೊಂಬತ್ತು. ರಜೆಯ ತಿಂಗಳಲ್ಲಿ ಅವಳು ಬರೆದದ್ದು ನಿಜವಾದ ಇಪ್ಪತ್ತು. ಎರಡೂ ಒಂದೇ ಹೆಸರಿನ ಕೆಳಗೆ ಕಲೆತು ಕೂತಿದ್ದವು. ತಪ್ಪು ನನ್ನದೇ. ಮೂವತ್ತು ವರ್ಷ ದುಡಿದವನು ಎಂದು ಎದೆ ತಟ್ಟಿಕೊಂಡು ಹೊರಗೆ ಬಂದಿದ್ದೆನಲ್ಲ, ಆ ಬುಧವಾರ ನೆನೆದು ಮುಖ ಬಿಸಿಯಾಯಿತು. ಆದರೂ ನಿಜ ಹೇಳುತ್ತೇನೆ, ಮೊದಲು ಅನಿಸಿದ್ದು ನಾಚಿಕೆಯಲ್ಲ. ಹಾವೋ ಹಗ್ಗವೋ ಎಂದು ಹೆದರಿ ನಿಂತವನಿಗೆ ದೀಪ ಸಿಕ್ಕಂತಾಯಿತು.

"ನೀ ಅವತ್ತ ಯಾಕ ಸುಮ್ನಿದ್ದಿ?" ಎಂದು ಕೇಳಿಯೇಬಿಟ್ಟೆ.

"ನಾ ಬಾಯಿ ತೆಗೆಯೋದ್ರಾಗ ನೀವು ಗೇಟ್ ದಾಟಿದ್ರಲ್ಲ ಕಾಕಾ! ಸಿಟ್ಟಿನ್ಯಾಗ ನಿಮ್ಮ ಕಾಲು ಬಸ್ಸಿಗಿಂತ ಜೋರ."

ಸೋಮವಾರ ನನ್ನ ವಹಿ ಕಂಕುಳಲ್ಲಿ ಇಟ್ಟುಕೊಂಡು ಮೇಡಂ ಎದುರು ನಿಂತೆ. "ತಪ್ಪು ನಂದೇರಿ" ಎಂದು ಎಲ್ಲ ಹೇಳಿದೆ. ಪ್ರತಿ ಹುಟ್ಟೂ ವಹಿಯಲ್ಲಿ ತಾರೀಖಿನ ಸಮೇತ ಇತ್ತು. ಒಂದೊಂದನ್ನೇ ಅವರು ಲೆಕ್ಕ ಹಾಕಿದರು. ಮುಕಾದಮ ಕಾಣದ ಮರಿಗಳೆಲ್ಲ ನನ್ನ ಚೀಟಿಯವು, ಕಂಡವೆಲ್ಲ ಅವಳ ಚೀಟಿಯವು. ಮೇಡಂ ವಹಿ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಎಣಿಕಿ ಎಲ್ಲಿಂದ ಶುರು ಅಂತ ನಾವು ಯಾರೂ ನಿಮಗ ಹೇಳೇ ಇಲ್ಲಲ್ರಿ. ನಾನೂ ಕೇಳಬೇಕಿತ್ತು." ಆಮೇಲೆ ಹೇಳಿದರು, "ಆದ್ರ ವಹಿ ನೋಡಿ ಹಳೇದರ ಹೆಸರು ಬದಲಿ ಮಾಡಿದ್ರ ಯಾರೂ ಒಪ್ಪಂಗಿಲ್ಲ. ಹೊಸ ಮರಿ ಬೇಕು. ಯಾವ ಮರಿ ಹತ್ತೊಂಬತ್ತರದ್ದು, ಯಾವುದು ಇಪ್ಪತ್ತರದ್ದು ಅಂತ ಶಾಹೀನಗ ಗೊತ್ತಾಗಬಾರದು. ಮರಿ ನಾನೇ ತೆಗೀತೀನಿ, ಕೊಳವಿಗಿ ಬರೇ ನಂಬರ್. ಅದರ ಯಾದಿ ನೀವೇ ಬರೆದು ಲಕೋಟಿಯೊಳಗ ಇಟ್ಟು ನನಗ ಕೊಡ್ರಿ."

ಐದು ದಿನದ ಹಿಂದೆ ಯಾರ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲವೋ ಅವರ ಕೈಗೇ ಯಾದಿ ಕೊಟ್ಟರು. ವಹಿಯನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡು ಬಂದೆ.

ಇಲಿ ಜೋಡಿ ಮಾಡಿ ಮರಿ ಬರಲು ಮೂರು ವಾರ, ಮರಿ ಇಪ್ಪತ್ತು ದಿನ ಬೆಳೆಯಬೇಕು. ಆ ದಿನಗಳು ಹೇಗೆ ಕಳೆದವೋ ಹೇಳಲಾರೆ. ಶಾಹೀನ್ ಉಳಿದ ಅಧ್ಯಾಯಗಳನ್ನು ಬರೆಯುತ್ತ ಅಪ್ಪಿತಪ್ಪಿಯೂ ನನ್ನ ಪಂಜರಗಳ ಕಡೆ ಬರುತ್ತಿರಲಿಲ್ಲ. ಬಂದರೆ ಚೀಟಿ ಕಣ್ಣಿಗೆ ಬಿದ್ದೀತು ಎಂಬ ಭಯ. ನಾನು ಈ ಸಲ ಚೀಟಿಯ ಮೇಲೆ ಹುಟ್ಟಿದ ತಾರೀಖು ಮಾತ್ರ ಬರೆದೆ, ಪಕ್ಕದಲ್ಲಿ ದೊಡ್ಡದೊಂದು ಸೊನ್ನೆ. ದಿನಾ ಬೆಳಿಗ್ಗೆ ಎಣಿಸಿ ಮೇಡಂಗೆ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಈ ಸಲವೂ ಮುಕಾದಮ ಕೈಕೊಟ್ಟರೆ? ನಾಲ್ಕು ವರ್ಷ ದುಡಿದ ಹುಡುಗಿಗೆ ನಾನು ಯಾವ ಮುಖ ತೋರಿಸಲಿ? ಬಸ್ಸಿನಲ್ಲಿ ಅದೊಂದೇ ಯೋಚನೆ.

ಪರೀಕ್ಷೆಯ ಕೊನೆಯ ದಿನ ಮಧ್ಯಾಹ್ನ ಶಾಹೀನ್ ಯಂತ್ರದ ಮುಂದೆ ಕೂತಿದ್ದಳು. ಪರದೆಯ ಮೇಲೆ ಗೆರೆಗಳು ಏಳತೊಡಗಿದವು. ಮುಕಾದಮ ಹೆಚ್ಚಿದ್ದಷ್ಟೂ ಗೆರೆ ಬೇಗ ಏಳುತ್ತದೆ. ಒಂದು ಗುಂಪು ಬೇಗ ಎದ್ದಿತು. ಇನ್ನೊಂದು ಗುಂಪು ಬಹಳ ಹಿಂದೆ ಉಳಿದು ತಡವಾಗಿ ಎದ್ದಿತು. ನಡುವೆ ಒಂದೂ ಇಲ್ಲ. ಶಾಹೀನ್ ಬೇಗ ಎದ್ದ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದಳು. ಮೇಡಂ ನನ್ನ ಲಕೋಟೆ ಹರಿದು ಓದತೊಡಗಿದರು.

"ಮೂರು. ಇಪ್ಪತ್ತು."

"ಹೌದು," ಎಂದಳು ಶಾಹೀನ್.

"ಐದು. ಹತ್ತೊಂಬತ್ತು."

"ತಡಾ ಎದ್ದದ. ಹೌದು."

ಕೊನೆಯ ನಂಬರಿಗೆ ಬರುವಷ್ಟರಲ್ಲಿ ಅವಳು ಕುರ್ಚಿಯಿಂದ ಎದ್ದು ನಿಂತಿದ್ದಳು. ಒಂದೂ ತಪ್ಪಿರಲಿಲ್ಲ. ಮೇಡಂ ಕನ್ನಡಕ ತೆಗೆದು, "ಹತ್ತೊಂಬತ್ತರ ಮರಿ ನೋಡಬೇಕಂತ ನಮಗ ತಲಿಗೇ ಹೊಳೆದಿರಲಿಲ್ಲ. ಈಗ ಮುಕಾದಮ ಯಾವ ದಿನ ಹೊಸ್ತಿಲು ದಾಟ್ತಾನ ಅಂತ ಗೊತ್ತಾತು" ಎಂದರು. ಶಾಹೀನ್ ನನ್ನ ಕೈ ಹಿಡಿಯಲು ಬಂದವಳು ಕೈಗವಸು ನೋಡಿಕೊಂಡು ನಿಂತಳು. "ಹಿಡಿ ಬೇಟಾ, ಇನ್ನ ಬೆವರಿಗಿ ಅಂಜಬ್ಯಾಡ" ಎಂದೆ.

ಅವಳು ಪ್ರಬಂಧವನ್ನು ಅವಧಿಯೊಳಗೆ ಒಪ್ಪಿಸಿದಳು. ನೀವು ಈ ಕೆಲಸಕ್ಕೆ ಬರುವವರು ಇದನ್ನೊಂದು ನೆನಪಿಡಿ. ಚೀಟಿಯ ಮೇಲೆ ನಿಮ್ಮ ಲೆಕ್ಕ ಬರೆಯಬೇಡಿ, ಕಣ್ಣಿಗೆ ಕಂಡದ್ದನ್ನು ಬರೆಯಿರಿ. ಲೆಕ್ಕ ಯಾವ ದಿನದಿಂದ ಎಂದು ದೊಡ್ಡವರನ್ನು ಕೇಳಲು ನಾಚಬೇಡಿ. ನಾನು ಕೇಳದೆ ಉಳಿದದ್ದು ಗೊತ್ತಿಲ್ಲದ್ದಕ್ಕಲ್ಲ, ಗೊತ್ತಿದೆ ಎಂಬ ಹಮ್ಮಿಗೆ.

ಲಕೋಟೆ ಒಡೆದ ಆ ಸಂಜೆ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತದ್ದು ನೆನಪಿದೆ. ಕಲಬುರಗಿ ದಾಟಿದ್ದು ನೆನಪಿಲ್ಲ. ಯಾರೋ ಭುಜ ಅಲ್ಲಾಡಿಸಿದರು. ಕಣ್ಣು ಬಿಟ್ಟರೆ ಅದೇ ಕಂಡಕ್ಟರ್.

"ಶರಣಪ್ಪಾ, ಕಮಲಾಪುರ ಹೋಗಿ ಎಷ್ಟೊತ್ತಾತೋ! ಇಷ್ಟು ವರ್ಷದಾಗ ನೀ ಮಕ್ಕೊಂಡಿದ್ದು ನಾ ನೋಡೇ ಇಲ್ಲ. ಆರಾಮ ಅದೀಯಿಲ್ಲ?"

"ಆರಾಮ ಅದೀನಿ," ಎಂದೆ. "ಭಾಳ ಆರಾಮ ಅದೀನಿ."

ಮುಂದಿನ ನಿಲ್ದಾಣದಲ್ಲಿ ಇಳಿದು, ತಿರುಗಿ ಹೋಗುವ ಬಸ್ಸಿಗಾಗಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. ಬಸ್ಸು ತಡವಾಗಿ ಬಂತು. ತಡವಾದದ್ದು ಅವತ್ತು ನನಗೆ ತಿಳಿಯಲೇ ಇಲ್ಲ.